ಗೆದ್ದೆತ್ತಿನ ಬಾಲವೂ ಕುಂಟೆತ್ತಿನ ಬಾಲವೂ

ಕಾಸರಗೋಡಿನ ಬದಿಯಡ್ಕದಲ್ಲಿ ನಡೆದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಸಾರು ಮುಗಿದು ಸಾಂಬಾರಿನ ಬಕೆಟ್ಟು ನಮ್ಮ ಸಾಲಿಗೆ ಬರುವುದರೊಳಗೆ, ಪಕ್ಕದಲ್ಲಿ ಕುಳಿತಿದ್ದ ನನ್ನ ತಂಗಿಯ ಗಂಡ ಎಂದಿನ ಪ್ರಶ್ನೆಯನ್ನು ಕೇಳಿಯೇ ಬಿಟ್ಟರು. "ಎಂತ ಭಾವ, ಈಗಲೂ ಬ್ಲಾಸ್ಟರ್ಸೇ ಅಲ್ವಾ? ಒಂದು ಕಪ್ಪಾದರೂ ಉಂಟಾ ಅವರ ಹತ್ರ?" ಎದುರು ಸಾಲಿನಲ್ಲಿದ್ದ ಇಬ್ಬರು ಮೂವರು ನಕ್ಕರು. ಬಡಿಸುವವನೂ ನಕ್ಕ, ನಗುತ್ತಲೇ ನನಗೆ ಸ್ವಲ್ಪ ಜಾಸ್ತಿ ಸಾಂಬಾರು ಹಾಕಿದ.

ಬ್ಲಾಸ್ಟರ್ಸ್ ಎಂದರೆ ಕೇರಳ ಬ್ಲಾಸ್ಟರ್ಸ್, ನಾನು ಹಿಡಿದುಕೊಂಡಿರುವ ಫುಟ್‌ಬಾಲ್ ತಂಡ. ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ನಾನು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳು ಇದನ್ನು ಪಾಪ ಎನ್ನುವ ಧಾಟಿಯಲ್ಲಿ ಕೇಳುತ್ತಾರೆ. ಮಂಗಳೂರಿನ ಗೆಳೆಯರು ಇದಕ್ಕೆ ಇನ್ನೊಂದು ಕೊಂಡಿ ಸೇರಿಸುತ್ತಾರೆ: ಕನ್ನಡ ಕಲಿಸುವ ಮಾಷ್ಟ್ರಾಗಿದ್ದುಕೊಂಡು ಬೆಂಗಳೂರಿನ ತಂಡವನ್ನು ಬಿಟ್ಟು ಕೇರಳದ ತಂಡಕ್ಕೆ ಜೈ ಅನ್ನುವುದು ಹೇಗೆ? ಎರಡನ್ನೂ ಒಟ್ಟು ಮಾಡಿದರೆ ಪ್ರಶ್ನೆಯ ಪೂರ್ಣರೂಪ ಹೀಗೆ: ಗೆಲ್ಲುವ ತಂಡಗಳು ಇಷ್ಟೊಂದು ಇರುವಾಗ ಸೋಲುವುದನ್ನೇ ಅಭ್ಯಾಸ ಮಾಡಿಕೊಂಡ ತಂಡವೊಂದನ್ನು ವರ್ಷಗಟ್ಟಲೆ ಹಿಡಿದುಕೊಂಡಿರುವುದರಲ್ಲಿ ಏನು ಸುಖವಿದೆ? ಪಂಕ್ತಿಯಲ್ಲಿ ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ, ಏಕೆಂದರೆ ಪಾಯಸ ಬಂದ ಕೂಡಲೇ ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಹೀಯಾಳಿಸುವ ಅಧಿಕಾರ ನನಗಿಲ್ಲ, ಏಕೆಂದರೆ ನಾನು ಫುಟ್‌ಬಾಲಿಗೆ ಬಂದದ್ದೇ ಹಾಗೆ ಬಾಲ ಹಿಡಿದುಕೊಂಡು. 1986ರ ವಿಶ್ವಕಪ್ಪನ್ನು ಮರಡೋನಾ ಗೆದ್ದುಕೊಟ್ಟಾಗ ನಾನು ತೀರ ಸಣ್ಣವನು, ಒಂದು ಪಂದ್ಯವನ್ನೂ ನೋಡಿದವನಲ್ಲ. 1990ರಲ್ಲಿ ಮುಂದಿನ ವಿಶ್ವಕಪ್ ಇಟಲಿಯಲ್ಲಿ ಶುರುವಾಗುವ ಹೊತ್ತಿಗೆ ಕುಂಬಳೆಯಲ್ಲಿ ನಮ್ಮ ವಠಾರದ ಹುಡುಗರೆಲ್ಲ ಅರ್ಜೆಂಟೀನಾದ ಕಡೆಗಿದ್ದರು. ಕಾರಣ ಒಂದೇ, ಕಳೆದ ಸಲ ಗೆದ್ದವರು ಅವರು. ನಾನೂ ಆ ಗುಂಪಿಗೆ ಸೇರಿದೆ. ಅರ್ಜೆಂಟೀನಾ ಎಂಬ ದೇಶ ಭೂಪಟದಲ್ಲಿ ಎಲ್ಲಿದೆ ಎಂಬುದು ನನಗೆ ಗೊತ್ತಾದದ್ದು ಅದಾದ ಎರಡು ವರ್ಷಗಳ ಮೇಲೆ, ಸಮಾಜ ಪಾಠದಲ್ಲಿ.

ಮೊದಲ ಪಂದ್ಯ ಜೂನ್ 8ರಂದು, ಕ್ಯಾಮರೂನ್ ವಿರುದ್ಧ, ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಗೆ. ನೆರೆಮನೆಯ ಜಗಲಿಯಲ್ಲಿ ಒಂದು ಕಪ್ಪು ಬಿಳುಪು ಟಿವಿ, ಅದರ ಮುಂದೆ ಇಪ್ಪತ್ತು ಮೂವತ್ತು ಮಂದಿ, ಹೊರಗೆ ಧೋ ಎಂದು ಸುರಿಯುವ ಮಳೆ. ಅಂಗಳದಲ್ಲಿ ಅಡಿಕೆ ಮರದ ಕಂಬಕ್ಕೆ ಕಟ್ಟಿದ್ದ ಆಂಟೆನಾ ಗಾಳಿಗೆ ತಿರುಗಿ ಪರದೆಯ ತುಂಬ ಬರೀ ಚುಕ್ಕೆ. ಗೊರಬೆ ಹಾಕಿಕೊಂಡ ಒಬ್ಬರು ಕಂಬವನ್ನು ಹಿಡಿದು ಮೆಲ್ಲನೆ ತಿರುಗಿಸುತ್ತ "ಬಂತಾ?" ಎಂದು ಕೂಗುತ್ತಿದ್ದರು, ಒಳಗಿನಿಂದ ನಾವೆಲ್ಲ ಒಟ್ಟಾಗಿ "ಇಲ್ಲ!" ಎನ್ನುತ್ತಿದ್ದೆವು. ದ್ವಿತೀಯಾರ್ಧದಲ್ಲಿ ಕ್ಯಾಮರೂನಿನ ಒಬ್ಬ ಆಟಗಾರನನ್ನು ರೆಫರಿ ಹೊರಗೆ ಕಳುಹಿಸಿದಾಗ ಇನ್ನೇನು ಗೆದ್ದ ಹಾಗೆಯೇ ಎಂದುಕೊಂಡೆವು. ಅದಾದ ಸ್ವಲ್ಪ ಹೊತ್ತಿಗೆ ಚಿತ್ರ ಕನ್ನಡಿಯಷ್ಟು ಸ್ಪಷ್ಟವಾಗಿ ಮೂಡಿತು. ಆ ಸ್ಪಷ್ಟತೆಯಲ್ಲಿಯೇ ಒಮಾಮ್ ಬಿಯಿಕ್ ಎಲ್ಲರಿಗಿಂತ ಮೇಲೆ ಹಾರಿ ತಲೆಯಿಂದ ಹೊಡೆದ, ಚೆಂಡು ಗೋಲ್‌ಕೀಪರ್ ಪುಂಪಿದೊನ ಕೈಗೆ ತಾಗಿ ಜಾರಿ ಒಳಗೆ ಉರುಳಿತು. ಹೊರಗಿನವರು ಮಳೆಯಲ್ಲಿ "ಈಗ ಬಂತಾ? ಈಗ ಬಂತಾ?" ಎಂದು ಕೇಳುತ್ತಲೇ ಇದ್ದರು, ಒಳಗಿನಿಂದ ಯಾರೂ ಉತ್ತರ ಕೊಡಲಿಲ್ಲ.

ಬಾಲ ಹಿಡಿದ ಮರುಗಳಿಗೆಯಲ್ಲೇ ಎತ್ತು ಕುಂಟಿತು ಎನ್ನಬಹುದು. ಅದು ಕುಂಟುತ್ತಲೇ ಫೈನಲ್‌ವರೆಗೆ ಹೋಯಿತು, ಅಲ್ಲಿ 85ನೆಯ ನಿಮಿಷದಲ್ಲಿ ಪಶ್ಚಿಮ ಜರ್ಮನಿಯ ಬ್ರೆಹ್ಮೆ ಹೊಡೆದ ಪೆನಾಲ್ಟಿಯಿಂದ ಬಿತ್ತು. ಮರುದಿನ ಶಾಲೆಗೆ ಹೋದರೆ ನಮ್ಮ ತರಗತಿಯ ಅರ್ಜೆಂಟೀನಾ ರಾತ್ರೋರಾತ್ರಿ ಜರ್ಮನಿಯಾಗಿತ್ತು. ಮಿಕ್ಕವರು ಇಬ್ಬರೇ: ನಾನು, ಮತ್ತು ಮೊಗ್ರಾಲಿನಿಂದ ಬರುತ್ತಿದ್ದ, ನನ್ನ ಪಕ್ಕದ ಬೆಂಚಿನ ಒಬ್ಬ ಹುಡುಗ. ಮೊಗ್ರಾಲ್ ಎಂದರೆ ಮಾಪ್ಪಿಳ ಹಾಡಿನ ಇಶಲು ಎಂಬ ಧಾಟಿಗಳಿಗೂ ಫುಟ್‌ಬಾಲಿಗೂ ಸಮಾನವಾಗಿ ಹೆಸರಾದ ಊರು, ಅಲ್ಲಿಯವರಿಗೆ ಸೋಲು ಹೊಸತಲ್ಲ, ಗೆಲುವೂ ಹೊಸತಲ್ಲ. ನಾವಿಬ್ಬರೂ ಏಕೆ ಕದಲಲಿಲ್ಲ ಎಂದು ಈಗ ಯೋಚಿಸಿದರೆ ಅದರಲ್ಲಿ ನಿಷ್ಠೆ ಎಂಬ ದೊಡ್ಡ ಪದಕ್ಕೆ ತಕ್ಕದ್ದು ಏನೂ ಕಾಣುವುದಿಲ್ಲ. ನನ್ನಲ್ಲಿ ಸ್ವಲ್ಪ ಹಟ, ಅವನಲ್ಲಿ ಸ್ವಲ್ಪ ಸೋಮಾರಿತನ, ಇಬ್ಬರಲ್ಲೂ "ಅವನು ಬಿಡುವವರೆಗೆ ನಾನು ಬಿಡುವುದಿಲ್ಲ" ಎಂಬ ಒಂದು ಪೈಪೋಟಿ. ಅವನು ಬಿಡಲಿಲ್ಲ. ಈಗ ಅವನು ಶಾರ್ಜಾದಲ್ಲಿದ್ದಾನೆ. ಅರ್ಜೆಂಟೀನಾ 2022ರ ಡಿಸೆಂಬರ್ 18ರಂದು ಫ್ರಾನ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತುವವರೆಗೆ, ಅಂದರೆ ಮೂವತ್ತೆರಡು ವರ್ಷ, ಪ್ರತಿ ನಾಲ್ಕು ವರ್ಷಕ್ಕೊಮ್ಮೆ ನಮ್ಮ ನಡುವೆ ಒಂದು ಸೋಲಿನ ಮಾತುಕತೆ ನಡೆಯುತ್ತಿತ್ತು. ಮೊದಲು ಕಾಗದದಲ್ಲಿ, ಆಮೇಲೆ ಎಸ್‌ಟಿಡಿ ಬೂತಿನಲ್ಲಿ, ಈಗ ವಾಟ್ಸಾಪಿನಲ್ಲಿ.

ಇಲ್ಲಿ ಪಂಕ್ತಿಯಲ್ಲಿ ಪ್ರಶ್ನೆ ಕೇಳಿದ ಭಾವನವರ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಉತ್ತರ ಅರ್ಧವಾಗುತ್ತದೆ. ಅವರು 2002ರಲ್ಲಿ ಬ್ರೆಜಿಲ್, 2006ರಲ್ಲಿ ಇಟಲಿ, 2010ರಲ್ಲಿ ಸ್ಪೇನ್, 2014ರಲ್ಲಿ ಜರ್ಮನಿ, 2018ರಲ್ಲಿ ಫ್ರಾನ್ಸ್. ಆಯಾ ವರ್ಷ ಕಪ್ ಗೆದ್ದ ತಂಡದ ಅಂಗಿ ಅವರ ಬೀರುವಿನಲ್ಲಿ ಸಾಲಾಗಿ ಇದೆ. ಇಂಗ್ಲೆಂಡಿನ ಲೀಗಿನಲ್ಲಿ ಕೋಚ್ ಫರ್ಗುಸನ್ ಇದ್ದಷ್ಟು ಕಾಲ ಮ್ಯಾಂಚೆಸ್ಟರ್ ಯುನೈಟೆಡ್, 2013ರಲ್ಲಿ ಅವರು ನಿವೃತ್ತರಾದ ಮೇಲೆ ಒಂದೆರಡು ವರ್ಷ ಮೌನ, ಅನಂತರ ಅದೇ ಊರಿನ ಇನ್ನೊಂದು ತಂಡ, ಮ್ಯಾಂಚೆಸ್ಟರ್ ಸಿಟಿ. ಕೆಂಪಿನಿಂದ ತಿಳಿನೀಲಿಗೆ ಅವರು ದಾಟಿದ ರೀತಿಯನ್ನು ನೋಡಿದರೆ ನೇತ್ರಾವತಿ ಸೇತುವೆ ದಾಟುವಷ್ಟೂ ಕಷ್ಟವಾದಂತೆ ಕಾಣಲಿಲ್ಲ. ನಮ್ಮ ಶಾಲೆಯ ಹುಡುಗರ ಭಾಷೆಯಲ್ಲಿ ಇಂಥವರಿಗೆ 'ಪ್ಲಾಸ್ಟಿಕ್' ಎಂದು ಹೆಸರು.

ಈ ನಡವಳಿಕೆಯನ್ನು ವಿದ್ವಾಂಸರು ಕೂಡ ಅಳೆದು ನೋಡಿದ್ದಾರೆ. ರಾಬರ್ಟ್ ಚಾಲ್ಡಿನಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ ಸಂಗಡಿಗರೊಂದಿಗೆ 1976ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಲ್ಲಿನ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಸೋಮವಾರ ಯಾವ ಬಟ್ಟೆ ತೊಟ್ಟು ತರಗತಿಗೆ ಬರುತ್ತಾರೆ ಎಂಬುದನ್ನು ಲೆಕ್ಕ ಹಾಕಿದ್ದರು. ಅಲ್ಲಿಯದು ಅವರದೇ ಬಗೆಯ ಫುಟ್‌ಬಾಲ್, ಕೈಯಲ್ಲಿ ಹಿಡಿದು ಓಡುವಂಥದ್ದು. ವಾರಾಂತ್ಯದಲ್ಲಿ ತಮ್ಮ ವಿಶ್ವವಿದ್ಯಾಲಯದ ತಂಡ ಗೆದ್ದಿದ್ದರೆ ಸೋಮವಾರ ಅದರ ಹೆಸರೋ ಲಾಂಛನವೋ ಇರುವ ಅಂಗಿಗಳು ಹೆಚ್ಚಾಗಿ ಕಾಣುತ್ತಿದ್ದವು. ಫೋನಿನಲ್ಲಿ ಪಂದ್ಯದ ಬಗ್ಗೆ ಕೇಳಿದಾಗ ಗೆಲುವನ್ನು ವರ್ಣಿಸುವವರು 'ನಾವು' ಎನ್ನುವುದು ಜಾಸ್ತಿ, ಸೋಲಿಗೆ ಬಂದಾಗ ಆ 'ನಾವು' ಕಡಮೆಯಾಗಿ 'ಅವರು' ಬರುತ್ತಿತ್ತು. ವ್ಯಾಕರಣ ಪಾಠ ಮಾಡುವವನಾದ್ದರಿಂದ ನನಗೆ ಇದು ಬಹಳ ಹಿಡಿಸಿತು. ಕುಂಬಳೆ ಪೇಟೆಯ ಚಹಾದಂಗಡಿಯಲ್ಲಿ ಬೆಳಿಗ್ಗೆ ಹತ್ತು ನಿಮಿಷ ಕುಳಿತರೆ ಇದೇ ಪ್ರಯೋಗವನ್ನು ಫೋನಿಲ್ಲದೆ ನೋಡಬಹುದು. "ನಮ್ಮವರು ನಿನ್ನೆ ಮೂರು ಹೊಡೆದರು ಮಾರಾಯ" ಎಂದ ಬಾಯಿಯೇ ಮುಂದಿನ ವಾರ "ಅವರಿಗೆ ಆಡ್ಲಿಕ್ಕೇ ಬರುವುದಿಲ್ಲ" ಎನ್ನುತ್ತದೆ. ಉತ್ತಮ ಪುರುಷದಿಂದ ಪ್ರಥಮ ಪುರುಷಕ್ಕೆ ಇಳಿಯಲು ಒಂದು ಸೋಲು ಸಾಕು.

ನನ್ನ ಪ್ರಕಾರ ಇಬ್ಬರು ಅಭಿಮಾನಿಗಳ ವ್ಯತ್ಯಾಸ ಈ ಸರ್ವನಾಮದಲ್ಲಿದೆ. ಹತ್ತುವಾಗ ಎಲ್ಲರೂ ಓಡುವ ಬಸ್ಸನ್ನೇ ನೋಡಿ ಹತ್ತುತ್ತಾರೆ, ಕೆಟ್ಟು ನಿಂತದ್ದಕ್ಕೆ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಸೋತ ಮರುದಿನ "ಛೆ, ನಾವು ಸೋತೆವು" ಎಂದು ಹೇಳಲು ಬರುತ್ತದೆಯೋ ಇಲ್ಲವೋ, ಅಲ್ಲಿ ಮಾತ್ರ ಜನ ಬೇರೆಬೇರೆಯಾಗುತ್ತಾರೆ. ಹತ್ತಿದ ಘಳಿಗೆಯನ್ನು ಹಿಡಿದು ಯಾರನ್ನಾದರೂ ಪ್ಲಾಸ್ಟಿಕ್ ಎಂದು ಕರೆದರೆ ಮೊದಲು ನನ್ನನ್ನೇ ಕರೆಯಬೇಕಾಗುತ್ತದೆ.

ಇನ್ನು ಬ್ಲಾಸ್ಟರ್ಸ್. 2014ರಲ್ಲಿ ಹುಟ್ಟಿದ ಈ ತಂಡ 2025ರವರೆಗೆ ಇಂಡಿಯನ್ ಸೂಪರ್ ಲೀಗಿನ ಹನ್ನೊಂದು ಋತುಗಳನ್ನು ಆಡಿ ಮೂರು ಫೈನಲ್ ತಲುಪಿತು, ಮೂರನ್ನೂ ಸೋತಿತು. ಮೊದಲನೆಯದು ಮುಂಬಯಿಯಲ್ಲಿ ಕೋಲ್ಕತ್ತಾದ ಎದುರು, ಪಂದ್ಯ ಮುಗಿಯುವ ಹೊತ್ತಿನ ಒಂದು ಗೋಲಿನಿಂದ. ಎರಡನೆಯದು 2016ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ, ಮತ್ತೆ ಅದೇ ಕೋಲ್ಕತ್ತಾ, ಈ ಸಲ ಪೆನಾಲ್ಟಿಯಲ್ಲಿ. ಆ ಪಂದ್ಯದಲ್ಲಿ ಬ್ಲಾಸ್ಟರ್ಸಿಗೆ ಗೋಲು ಹೊಡೆದವರು ಮುಹಮ್ಮದ್ ರಫಿ, ನಮ್ಮದೇ ಜಿಲ್ಲೆಯ ತೃಕ್ಕರಿಪುರದವರು. ಮಂಗಳೂರಿನ ಗೆಳೆಯರಿಗೆ ನನ್ನ ಉತ್ತರದ ಒಂದು ಭಾಗ ಇದೇ. ಕಾಸರಗೋಡಿನಿಂದ ಕೊಚ್ಚಿಯೂ ಬೆಂಗಳೂರೂ ರಾತ್ರಿ ಪ್ರಯಾಣದ ದೂರ, ಎರಡೂ ನನ್ನ ಊರಲ್ಲ. ಆದರೆ ಹಳದಿ ಅಂಗಿ ತೊಟ್ಟು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ ಮನುಷ್ಯ ನಾನು ಲೋಕಲ್ ರೈಲಿನಲ್ಲಿ ಹೋಗಿ ಬರುವ ಊರಿನವನು. ಇದೇ ರಫಿ 2014ರಲ್ಲಿ ಕೋಲ್ಕತ್ತಾ ತಂಡದಲ್ಲಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಕ್ಕಳು ಹೇಳುತ್ತಾರೆ. ಆಟಗಾರನಿಗೆ ಅದು ಹೊಟ್ಟೆಪಾಡು, ಅವನು ತಂಡ ಬದಲಿಸಿದರೆ ತಪ್ಪು ಹಿಡಿಯುವುದು ಮೂರ್ಖತನ. ಬದಲಿಸದೆ ಇರುವ ಐಷಾರಾಮ ನಮ್ಮಂಥ ಸಂಬಳ ಬಾರದ ನೋಡುಗರಿಗೆ ಮಾತ್ರ.

ಮೂರನೆಯ ಫೈನಲ್ಲನ್ನು ನಾನು ಕಣ್ಣಾರೆ ನೋಡಿದೆ: 2022ರ ಮಾರ್ಚ್ 20, ಗೋವಾದ ಫತೋರ್ಡಾ ಮೈದಾನ, ಎದುರಾಳಿ ಹೈದರಾಬಾದ್. ಕೊರೊನಾದ ದೆಸೆಯಿಂದ ಎರಡು ಋತು ಖಾಲಿ ಮೈದಾನದಲ್ಲಿ ಆಡಿದ ಮೇಲೆ ನೋಡುಗರನ್ನು ಒಳಗೆ ಬಿಟ್ಟ ಪಂದ್ಯ ಅದು. ಮಡಗಾಂವಿಗೆ ಹೋಗುವ ರೈಲಿನ ಜನರಲ್ ಬೋಗಿ ಪೂರ್ತಿ ಹಳದಿ. ಕಾರವಾರ ದಾಟುವ ತನಕ ಒಬ್ಬನೂ ಕುಳಿತದ್ದನ್ನು ನಾನು ನೋಡಲಿಲ್ಲ. ಆದರೆ ಆ ದಿನ ಲೆಕ್ಕದ ಪ್ರಕಾರ 'ಮನೆಯ ತಂಡ' ಹೈದರಾಬಾದ್, ಅವರ ಬಣ್ಣವೂ ಹಳದಿಯೇ. ಹಾಗಾಗಿ ಮೆಟ್ಟಿಲುಗಳ ಮೇಲೆ ಸಾವಿರಾರು ಮಂದಿ ನಾವು ಹಳದಿ ತೊಟ್ಟು ಕುಳಿತಿದ್ದರೆ, ಕೆಳಗೆ ಅಂಗಳದಲ್ಲಿ ಹಳದಿ ತೊಟ್ಟು ಓಡಾಡುತ್ತಿದ್ದವರು ಎದುರಾಳಿಗಳು, ನಮ್ಮವರು ಕಪ್ಪು. ಮೊದಲ ಹದಿನೈದು ನಿಮಿಷ ಕಣ್ಣಿಗೆ ಅಭ್ಯಾಸವಾಗದೆ ಎರಡು ಸಲ ಹೈದರಾಬಾದಿನ ಒಳ್ಳೆಯ ಪಾಸಿಗೆ ಚಪ್ಪಾಳೆ ತಟ್ಟಿಬಿಟ್ಟೆ. ಪಕ್ಕದಲ್ಲಿದ್ದ ಕಣ್ಣೂರಿನ ಹಿರಿಯರೊಬ್ಬರು ನನ್ನ ಮೊಣಕೈಯನ್ನು ಮೆಲ್ಲನೆ ಕೆಳಗಿಳಿಸಿದರು.

68ನೆಯ ನಿಮಿಷದಲ್ಲಿ ರಾಹುಲ್ ದೂರದಿಂದ ಹೊಡೆದದ್ದು ಒಳಗೆ ಹೋದಾಗ ಆ ಹಿರಿಯರು ನನ್ನನ್ನು ಅಪ್ಪಿಕೊಂಡರು, ಅವರ ಕನ್ನಡಕ ನನ್ನ ಭುಜಕ್ಕೆ ತಾಗಿ ಬಾಗಿತು. ಇಪ್ಪತ್ತು ನಿಮಿಷ ನಾವು ಚಾಂಪಿಯನ್ನರು. 88ನೆಯ ನಿಮಿಷದಲ್ಲಿ ತವೋರಾ ಹೊಡೆದ ಗೋಲಿನಿಂದ ಸಮಬಲ, ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ. ಹೈದರಾಬಾದಿನ ಗೋಲಿನಲ್ಲಿ ನಿಂತವರು ಗೋವಾದ ಲಕ್ಷ್ಮೀಕಾಂತ ಕಟ್ಟಿಮನಿ. ನಮ್ಮ ಮೂರು ಹೊಡೆತಗಳನ್ನು ಅವರು ತಡೆದರು. ಅಷ್ಟು ಹೊತ್ತಿನ ಗದ್ದಲದ ನಡುವೆ ನನಗೆ ಹೊಳೆದದ್ದು ಏನೆಂದರೆ, ಇಡೀ ಮೈದಾನದಲ್ಲಿ ಅಚ್ಚಗನ್ನಡದ ಮನೆತನದ ಹೆಸರು ಇದೊಂದೇ, ಅದೂ ಎದುರಿನ ಗೋಲಿನಲ್ಲಿ. 3–1ಕ್ಕೆ ಮುಗಿಯಿತು. ಹಿರಿಯರು ಕನ್ನಡಕ ಬಿಚ್ಚಿ ಕಾಲನ್ನು ನೆಟ್ಟಗೆ ಮಾಡಲು ಯತ್ನಿಸುತ್ತ ಬಹಳ ಹೊತ್ತು ಕುಳಿತರು. ಹಿಂದಿರುಗುವ ರೈಲಿನಲ್ಲಿ ಎಲ್ಲರೂ ಕುಳಿತಿದ್ದರು, ಯಾರೋ ಒಬ್ಬರು ಎಲ್ಲರಿಗೂ ಬಾಳೆಹಣ್ಣು ಹಂಚಿದರು. ಶಾರ್ಜಾದಿಂದ ಒಂದೇ ಸಾಲಿನ ಸಂದೇಶ ಬಂದಿತ್ತು: "ಊಟ ಮಾಡಿದೆಯಾ?"

ಸೋಲಿನಲ್ಲಿ ಏನು ಸುಖ ಎಂದು ಕೇಳುವವರಿಗೆ ನಾನು ಆ ರಾತ್ರಿಯನ್ನು ವಿವರಿಸಲು ಯತ್ನಿಸಿ ಸೋತಿದ್ದೇನೆ. ಸುಖವಂತೂ ಅಲ್ಲ, ಆದರೆ 2018ರ ಫ್ರಾನ್ಸಿನ ಅಂಗಿ ಕೊಂಡ ರಾತ್ರಿ ತಾವು ಯಾರ ಪಕ್ಕದಲ್ಲಿ ಕುಳಿತಿದ್ದಿರಿ ಎಂದು ಭಾವನವರನ್ನು ಕೇಳಿದರೆ ಅವರಿಗೆ ನೆನಪಿಲ್ಲ. ನನಗೆ ಆ ಕನ್ನಡಕದ ಬಾಗಿದ ಕಾಲು ಯಾವ ಬದಿಯದು ಎಂಬುದೂ ನೆನಪಿದೆ.

ಹಾಗೆಂದು ಹಿಡಿದುಕೊಂಡ ತಂಡ ಮಾಡಿದ್ದೆಲ್ಲ ಸರಿ ಎನ್ನುವ ಪೈಕಿ ನಾನಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಮೈದಾನದಲ್ಲಿ ಹೆಚ್ಚುವರಿ ಸಮಯದ ಆಟ ನಡೆಯುತ್ತಿದ್ದಾಗ, ಬ್ಲಾಸ್ಟರ್ಸಿನವರು ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟಿಕೊಳ್ಳುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ಥಟ್ಟನೆ ಹೊಡೆದು ಗೋಲು ಮಾಡಿದರು. ರೆಫರಿ ಒಪ್ಪಿದರು. ನಮ್ಮ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿನಿಂದ ಆಟಗಾರರನ್ನು ಅಂಗಳದಿಂದ ಕರೆದುಕೊಂಡೇ ಹೋದರು. ಪಂದ್ಯವನ್ನು ಬೆಂಗಳೂರಿಗೆ ಕೊಟ್ಟರು, ಕ್ಲಬ್ಬಿಗೆ ಆಮೇಲೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ. ಮರುದಿನ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ರೆಫರಿಯನ್ನು ಬಯ್ಯುತ್ತಿದ್ದಾಗ, ಗೋಲಿನ ಬಗ್ಗೆ ವಾದ ಏನೇ ಇರಲಿ, ಆಟ ಬಿಟ್ಟು ಹೊರಟದ್ದು ತಪ್ಪು ಎಂದು ನಾನು ಹೇಳಿದೆ. "ಮಾಷ್ಟ್ರೇ, ನೀವು ಯಾರ ಕಡೆ?" ಎಂದರು ಒಬ್ಬರು. ಬ್ಲಾಸ್ಟರ್ಸ್ ಕಡೆ ಎಂಬ ಕಾರಣಕ್ಕೇ ನನಗೆ ಹೆಚ್ಚು ನಾಚಿಕೆಯಾಗಿತ್ತು. ಬೇರೆ ತಂಡವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮಂಞಪ್ಪಡ ಎಂಬ ಹೆಸರಿನ ಬ್ಲಾಸ್ಟರ್ಸ್ ಅಭಿಮಾನಿಗಳ ಕೂಟವಂತೂ 2024ರ ಡಿಸೆಂಬರಿನಲ್ಲಿ, ತಂಡದ ಆಡಳಿತದ ವಿರುದ್ಧ ಪ್ರತಿಭಟಿಸಿ ಟಿಕೆಟ್ ಕೊಳ್ಳುವುದಿಲ್ಲ, ಮಾರುವುದೂ ಇಲ್ಲ ಎಂದು ಘೋಷಿಸಿತು. ಇದು ದ್ರೋಹವೇ ಎಂದು ಹಲವರು ಕೇಳಿದರು. ನನಗೆ ಹಾಗೆ ಅನಿಸಲಿಲ್ಲ. ಬಾಡಿಗೆದಾರ ಮನೆ ಸೋರಿದರೆ ಬೇರೆ ಮನೆ ನೋಡುತ್ತಾನೆ, ಜಗಳ ಕಾಯುವವನು ಆ ಮನೆಯಲ್ಲೇ ಇರಬೇಕಾದವನು.

ಬೆಂಗಳೂರಿನ ಪ್ರಶ್ನೆಗೆ ಇನ್ನೊಂದು ಮಾತು ಉಳಿದಿದೆ. ಬೆಂಗಳೂರು ಎಫ್‌ಸಿ ದೊಡ್ಡ ತಂಡ. 2013ರಲ್ಲಿ ಹುಟ್ಟಿ ಮೊದಲ ಋತುವಿನಲ್ಲೇ ಆಗ ದೇಶದ ಮೊದಲ ದರ್ಜೆಯ ಲೀಗಾಗಿದ್ದ ಐ-ಲೀಗ್ ಗೆದ್ದದ್ದು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಫೈನಲ್ ಆಡಿದ್ದು, 2018–19ರಲ್ಲಿ ಸೂಪರ್ ಲೀಗ್ ಗೆದ್ದದ್ದು ಎಲ್ಲವೂ ನನಗೆ ಹೆಮ್ಮೆಯ ವಿಷಯವೇ. ಆದರೆ ಕನ್ನಡಿಗನಾದವನು ಅಲ್ಲಿಗೆ ಹೋಗಲೇಬೇಕು ಎಂಬ ವಾದವನ್ನು ಕಾಸರಗೋಡಿನವನ ಮುಂದೆ ಮಂಡಿಸುವಾಗ ಸ್ವಲ್ಪ ಯೋಚಿಸಬೇಕು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು, ಆ ಮಾತು ಕಾಗದದಲ್ಲೇ ಉಳಿಯಿತು. ನನ್ನ ಅಜ್ಜ ಆ ವರದಿಯ ಸುದ್ದಿ ಬಂದ ಪತ್ರಿಕೆಯನ್ನು ಮಡಿಸಿ ಪಂಚಾಂಗದ ಜೊತೆಗೆ ಇಟ್ಟುಕೊಂಡಿದ್ದರು. ಗೆದ್ದವರ ಕಡೆಗೆ ಹೋಗುವುದೇ ಬುದ್ಧಿವಂತಿಕೆ ಎಂದು ಅವರು ಭಾವಿಸಿದ್ದರೆ ನಾನು ಈ ಉತ್ತರವನ್ನು ಮಲಯಾಳದಲ್ಲಿ ಬರೆಯುತ್ತಿದ್ದೆ, ಬಹುಶಃ ಇನ್ನೂ ಹೆಚ್ಚು ಮಂದಿ ಓದುತ್ತಿದ್ದರು. ಮಲಯಾಳದಲ್ಲಿ ಗೆಳೆಯರೊಂದಿಗೆ ಕೂಗುತ್ತೇನೆ, ಕನ್ನಡದಲ್ಲಿ ಪಾಠ ಮಾಡುತ್ತೇನೆ, ಮನೆಯಲ್ಲಿ ತುಳು ಮಾತಾಡುತ್ತೇನೆ. ಇದರಲ್ಲಿ ನನಗೆ ಯಾವ ಗೊಂದಲವೂ ಇಲ್ಲ.

ಗೆಲ್ಲುವ ತಂಡದ ಅಭಿಮಾನಿಗಳೆಲ್ಲ ಹಗುರ ಎಂದು ಹೇಳಲೂ ಆಗುವುದಿಲ್ಲ. ನಮ್ಮ ಎಂಟನೆಯ ತರಗತಿಯಲ್ಲಿ ಸಿಟಿಯ ತಿಳಿನೀಲಿ ಅಂಗಿಯವರು ಆರು ಮಂದಿ ಇದ್ದಾರೆ. ಒಂದು ದಿನ ಪಾಠ ಮುಗಿದ ಮೇಲೆ ಅವರಿಗೆ 1999ರ ಕಥೆ ಹೇಳಿದೆ. ಆ ವರ್ಷ ಮ್ಯಾಂಚೆಸ್ಟರ್ ಸಿಟಿ ಇಂಗ್ಲೆಂಡಿನ ಮೂರನೆಯ ದರ್ಜೆಯ ಲೀಗಿನಲ್ಲಿತ್ತು. ಮೇ 26ರಂದು ಯುನೈಟೆಡ್ ಯುರೋಪಿನ ಚಾಂಪಿಯನ್ ಆಯಿತು. ನಾಲ್ಕು ದಿನ ಕಳೆದು ಸಿಟಿಯವರು ವೆಂಬ್ಲಿಯಲ್ಲಿ ಗಿಲ್ಲಿಂಗ್‌ಹ್ಯಾಮ್ ಎಂಬ ಸಣ್ಣ ತಂಡದ ಎದುರು, ಎರಡನೆಯ ದರ್ಜೆಗೆ ಏರಲಿಕ್ಕಾಗಿ, 90ನೆಯ ನಿಮಿಷಕ್ಕೆ 2–0 ಹಿಂದಿದ್ದರು. ಕೊನೆಯ ಗಳಿಗೆಯಲ್ಲಿ ಎರಡು ಗೋಲು ಹೊಡೆದು ಪೆನಾಲ್ಟಿಯಲ್ಲಿ ಗೆದ್ದರು. ಆ ಮೂರನೆಯ ದರ್ಜೆಯ ಇಡೀ ಋತುವಿನಲ್ಲಿ ಅವರ ಮೈದಾನಕ್ಕೆ ಪ್ರತಿ ಪಂದ್ಯಕ್ಕೂ ಸರಾಸರಿ 28,000ಕ್ಕಿಂತ ಹೆಚ್ಚು ಜನ ಬರುತ್ತಿದ್ದರು. ಅಬುಧಾಬಿಯ ಹಣ ಬಂದದ್ದು 2008ರಲ್ಲಿ, ಅದಕ್ಕೆ ಮೊದಲಿನ ಆ ಮಂದಿ ಈಗಲೂ ಅಲ್ಲೇ ಕುಳಿತಿರುತ್ತಾರೆ, ಅವರ ಪಕ್ಕದಲ್ಲಿ ನಿನ್ನೆ ಬಂದವರೂ ಇರುತ್ತಾರೆ. ಅಂಗಿ ನೋಡಿ ಯಾರು ಯಾರೆಂದು ಹೇಳುವುದು ಹೇಗೆ? ಕಥೆ ಕೇಳಿದ ಆರು ಮಂದಿಯಲ್ಲಿ ಒಬ್ಬ ಮರುದಿನ ಬಂದು, ಆ ಪಂದ್ಯವನ್ನು ಅಣ್ಣನ ಮೊಬೈಲಿನಲ್ಲಿ ನೋಡಿದೆ ಸರ್, ಎಂದ. ಮಿಕ್ಕ ಐವರ ಬಗ್ಗೆ ನನಗೆ ಬೇಸರವಿಲ್ಲ. ಬೇಸರ ಬರುವುದು ಒಂದೇ ಬಗೆಯವರ ಮೇಲೆ: ನಿನ್ನೆ ಹತ್ತಿ, ಇವತ್ತು ಕಿಟಕಿ ಬದಿ ಹಿಡಿದು, ನಾನು ಬಸ್ ಸ್ಟಾಂಡಿನಿಂದಲೇ ಕುಳಿತಿದ್ದೇನೆ ಎನ್ನುವವರು.

ಭಾವನವರಿಗೆ ಅನ್ಯಾಯ ಮಾಡಿದ ಹಾಗಾಗಬಾರದು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿದಾಗ ತಂಗಿ ನನಗೆ ಫೋನು ಮಾಡಿ, "ಅಣ್ಣ, ಇವರು ಅಳ್ತಾ ಇದ್ದಾರೆ, ಎಂತ ಮಾಡುದು?" ಎಂದಳು. ಕ್ರಿಕೆಟಿನಲ್ಲಿ ನಾನು ಯಾರ ಕಡೆಯೂ ಅಲ್ಲದವನು, ಹಾಗಾಗಿ ಇದನ್ನು ಗಮನಿಸಿಯೇ ಇರಲಿಲ್ಲ. 2008ರಿಂದ ಹದಿನೆಂಟು ಋತು, 2009, 2011, 2016ರ ಮೂರು ಫೈನಲ್ ಸೋಲು, ಪ್ರತಿ ವರ್ಷವೂ "ಈ ಸಲ ಕಪ್ ನಮ್ದೇ" ಎಂದು ಹೇಳಿ ಇಡೀ ದೇಶದಿಂದ ನಗೆಯಾಡಿಸಿಕೊಂಡದ್ದು, ಇಷ್ಟರ ನಡುವೆ ಈ ಮನುಷ್ಯ ಒಮ್ಮೆಯೂ ಚೆನ್ನೈಯ ಹಳದಿಯನ್ನೋ ಮುಂಬಯಿಯ ನೀಲಿಯನ್ನೋ ಮುಟ್ಟಿರಲಿಲ್ಲ. ಆ ಘೋಷಣೆಯಲ್ಲಿ 'ನಮ್ದೇ' ಎಂಬುದು ಎಂದೂ 'ಅವರದೇ' ಆಗಿರಲಿಲ್ಲ. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗಿನ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತರೆಂಬ ಸುದ್ದಿ ಬಂದ ಮೇಲೆ ಅವರು ಆ ಕೆಂಪು ಅಂಗಿಯನ್ನು ಬಹಳ ದಿನ ಹೊರಗೆ ತೆಗೆಯಲಿಲ್ಲವಂತೆ.

ಅಂದರೆ ಫುಟ್‌ಬಾಲಿನಲ್ಲಿ ಐದು ದೇಶ ಬದಲಿಸಿದವರೂ ಕ್ರಿಕೆಟಿನಲ್ಲಿ ನನಗಿಂತ ಗಟ್ಟಿ. ಅವರಿಗೆ ಫುಟ್‌ಬಾಲ್ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಜಾತ್ರೆ, ಜಾತ್ರೆಯಲ್ಲಿ ಹೊಸ ಅಂಗಿ ಕೊಳ್ಳುವುದು ವಾಡಿಕೆ. ಇದು ಗೊತ್ತಾದ ಮೇಲೆ ಪಂಕ್ತಿಯಲ್ಲಿ ಅವರು ನಗುವಾಗ ನಾನೂ ನಗುತ್ತೇನೆ.

ಆ ಮದುವೆಯ ದಿನ ಊಟ ಮುಗಿಸಿ ಕೈ ತೊಳೆಯುವಲ್ಲಿ ಅವರ ಮಗ, ಒಂಬತ್ತು ವರ್ಷದವನು, ನನ್ನ ಪಂಚೆ ಎಳೆದು ಕೇಳಿದ: "ಮಾವ, ನಾನು ಯಾವ ಟೀಮಿಗೆ ಸಪೋರ್ಟ್ ಮಾಡ್ಲಿ?"

"ನಿನಗೆ ಯಾವುದು ಇಷ್ಟ?"

"ಯಾವುದು ಗೆಲ್ತದೋ ಅದು."

ಸರಿ, ಹಾಗಾದರೆ ಅದೇ ಆಗಲಿ ಎಂದೆ. ಅವನು ಒದ್ದೆ ಕೈಯನ್ನು ನನ್ನ ಪಂಚೆಗೆ ಒರೆಸಿ ಐಸ್‌ಕ್ರೀಮಿನ ಕಡೆಗೆ ಓಡಿದ.